ಹದಿನಾರಾಣೆ ಭಯ

"ಏನ್ ಮೇಡಂ, ದೃಷ್ಟಿ ತೆಗೆಸಿ ತೆಗೆಸಿ ಸಾಕಾಗಿ ಇಲ್ಲಿಗೆ ಬಂದ್ರೆ, ನೀವೂ ಕಣ್ಣಿನ ವೈದ್ಯಾನೇ ಮಾಡ್ತೀರಲ್ಲ!"

ಹೀಗೆ ಕೇಳಿದ್ದು ಒಬ್ಬ ಲಾರಿ ಡ್ರೈವರ್‌ ಹೆಂಡತಿ. ನಾನು ಹಾಸನದಲ್ಲಿ ಆಪ್ತ ಸಮಾಲೋಚಕಿ. ಗಂಡನ ಮುಖದ ಮುಂದೆ ನಾನು ಎರಡು ಬೆರಳು ಎತ್ತಿ ಆ ಕಡೆ ಈ ಕಡೆ ಆಡಿಸಿದ್ದನ್ನು ನೋಡಿದರೆ ಯಾರಿಗಾದರೂ ಹಾಗೇ ಅನಿಸಬೇಕು. ಮೊದಲ ಸಲ ನೋಡಿದಾಗ ನನಗೂ ಹಾಗೇ ಅನಿಸಿತ್ತು.

ಇದಕ್ಕೆ ಇಎಂಡಿಆರ್ ಅನ್ನುತ್ತಾರೆ, ನೋವಿನ ನೆನಪನ್ನು ಮನಸ್ಸಿನಲ್ಲಿ ಹಿಡಿದು ಕಣ್ಣು ಆಡಿಸುವ ಮನೋಚಿಕಿತ್ಸೆ. ಶುರು ಮಾಡಿದ್ದು ಅಮೆರಿಕದ ಮನಶ್ಶಾಸ್ತ್ರಜ್ಞೆ ಫ್ರಾನ್ಸೀನ್ ಶಪೀರೋ. 1987ರಲ್ಲಿ ಪಾರ್ಕಿನಲ್ಲಿ ನಡೆಯುತ್ತಿದ್ದಾಗ, ಕಣ್ಣು ಅತ್ತಿಂದಿತ್ತ ಸರಸರ ಆಡಿದ ಮೇಲೆ ತಲೆ ತಿನ್ನುತ್ತಿದ್ದ ಯೋಚನೆಯ ಕಾವು ಇಳಿದಿದ್ದನ್ನು ಆಕೆ ಗಮನಿಸಿದರಂತೆ. 1989ರಲ್ಲಿ ಮೊದಲ ಅಧ್ಯಯನ ಪ್ರಕಟಿಸಿದರು. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಆಘಾತದ ನಂತರದ ತೊಂದರೆಗೆ ಇದನ್ನು ಶಿಫಾರಸು ಮಾಡಿತು. ಪಾರ್ಕಿನ ಕಥೆಗಿಂತ ನನ್ನನ್ನು ತರಬೇತಿಗೆ ಎಳೆದದ್ದು ಈ ಶಿಫಾರಸು.

ತರಬೇತಿಯಲ್ಲಿ ನಾವು ನಾವೇ ಜೋಡಿಯಾಗಿ ಕೂತು, ನಮ್ಮದೇ ಒಂದು ಸಣ್ಣ ನೋವನ್ನು ತೆಗೆದುಕೊಂಡು ಅಭ್ಯಾಸ ಮಾಡಬೇಕು. ನಾನು ಒಂಬತ್ತನೇ ಕ್ಲಾಸಿನ ಗಣಿತದ ಪೀರಿಯಡ್ ಆರಿಸಿಕೊಂಡೆ. ಬೆಂಚಿನ ಮೇಲೆ ನಿಲ್ಲಿಸಿದ್ದರು, ಇಡೀ ಕ್ಲಾಸು ನಗುತ್ತಿತ್ತು. ಹತ್ತಕ್ಕೆ ಎಷ್ಟು ಸಂಕಟ ಅಂದಾಗ ಐದು ಅಂದೆ. ಒಳಗೊಳಗೇ ನಗುತ್ತಲೇ ಬೆರಳು ನೋಡತೊಡಗಿದೆ. ನಾಲ್ಕನೇ ಸುತ್ತಿಗೆ ಒದ್ದೆ ಕೊಡೆಯ ವಾಸನೆ ಬಂತು. ಪಕ್ಕದಲ್ಲಿ ಕೂತಿದ್ದ ಗೆಳತಿ ಯಾರಿಗೂ ಕಾಣದ ಹಾಗೆ ನನ್ನ ಲಂಗದ ಅಂಚು ಹಿಡಿದುಕೊಂಡಿದ್ದಳು. ಅವಳ ಆ ಕೈ ಇಷ್ಟು ವರ್ಷ ಎಲ್ಲಿತ್ತೋ! ನನಗೆ ಅಳು ಬಂತು. ಅದರ ಹಿಂದೆಯೇ ನಗು.

ಅಲ್ಲಿಂದ ನಾನು ಇದನ್ನು ಲೇವಡಿ ಮಾಡುವುದು ಬಿಟ್ಟೆ.

ಡ್ರೈವರ್ ಅಣ್ಣನ ವಿಷಯಕ್ಕೆ ಬರುತ್ತೇನೆ. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ, ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಶಿರಾಡಿ ಘಾಟಿಯಲ್ಲಿ ಜೋರು ಮಳೆ. ಎದುರಿನ ಗಾಡಿ ತಪ್ಪಿಸಲು ಹೋಗಿ ಇವರ ಲಾರಿ ಪಕ್ಕದ ಗುಡ್ಡದ ಧರೆಗೆ ಗುದ್ದಿತು. ಕ್ಲೀನರ್ ಹುಡುಗನ ಕಾಲು ಮುರಿಯಿತು. ಆಮೇಲೆ 14 ತಿಂಗಳು ಇವರು ಸ್ಟೇರಿಂಗ್ ಮುಟ್ಟಿರಲಿಲ್ಲ. ಮಳೆ ಬಂದರೆ ಒಳಗಿನ ಕೋಣೆಗೆ ಹೋಗಿ ಕೂರುತ್ತಿದ್ದರು. ರಾತ್ರಿ ಮೂರಕ್ಕೆ ಬೆಚ್ಚಿ ಏಳುತ್ತಿದ್ದರು. ತಾಯಿತ ಆಗಿತ್ತು, ಹರಕೆ ಆಗಿತ್ತು. ಮನೋವೈದ್ಯರ ಮಾತ್ರೆಯಿಂದ ನಿದ್ದೆ ಸ್ವಲ್ಪ ಸುಧಾರಿಸಿತ್ತು.

ಮೊದಲ ಮೂರು ಭೇಟಿಗಳಲ್ಲಿ ಬೆರಳು ಎತ್ತಲೇ ಇಲ್ಲ. ಜನಕ್ಕೆ ಇದು ಗೊತ್ತಿಲ್ಲ. ಇಎಂಡಿಆರ್‌ನಲ್ಲಿ ಎಂಟು ಹಂತ ಇವೆ, ಕಣ್ಣಿನ ಕೆಲಸ ಬರುವುದು ನಾಲ್ಕನೆಯದರಲ್ಲಿ. ಅದಕ್ಕೆ ಮೊದಲು ಹಿನ್ನೆಲೆ ಕೇಳಬೇಕು. ಮನಸ್ಸು ಕುದ್ದು ಉಕ್ಕಿದರೆ ವಾಪಸ್ ಬಂದು ನಿಲ್ಲಲು ಒಂದು ನೆಮ್ಮದಿಯ ಜಾಗ ಕಟ್ಟಿಕೊಡಬೇಕು. ಇವರ ಜಾಗ ಅಣ್ಣನ ತೋಟದ ಪಂಪ್‌ಸೆಟ್ ತೊಟ್ಟಿ. ನೀರು ಬೀಳುವ ಸದ್ದು, ಕಾಲಿಗೆ ತಣ್ಣಗೆ. ಅದನ್ನು ಹೇಳುವಾಗಲೇ ಅವರ ಭುಜ ಎರಡಿಂಚು ಇಳಿಯುತ್ತಿತ್ತು.

ಆಮೇಲೆ ಅಳತೆ. ಸಂಕಟವನ್ನು ಸೊನ್ನೆಯಿಂದ ಹತ್ತರವರೆಗೆ ಕೇಳಬೇಕು. ಕೇಳಿದೆ. ಅವರು ನನ್ನನ್ನೇ ನೋಡಿ, "ಹತ್ತು ಗಿತ್ತು ಗೊತ್ತಿಲ್ಲ ಮೇಡಂ, ಹದಿನಾರಾಣೆ ಐತೆ" ಅಂದರು. ಸರಿ, ನಮ್ಮ ಲೆಕ್ಕ ಆಣೆಯಲ್ಲೇ ನಡೆಯಿತು. ಇನ್ನೊಂದು ಅಳತೆ ಇದೆ, ತನ್ನ ಬಗ್ಗೆ ಏನು ನಂಬಬೇಕು ಅನಿಸುತ್ತದೋ ಆ ಮಾತು ಎಷ್ಟು ನಿಜ ಅನಿಸುತ್ತದೆ ಅಂತ. ಪುಸ್ತಕದಲ್ಲಿ ಅದು ಒಂದರಿಂದ ಏಳು. ಅದೂ ಆಣೆಗೇ ಬಂತು.

ಭಾಷೆಯದೇ ಒಂದು ಪಾಡು. ತರಬೇತಿಯ ಪಟ್ಟಿಯನ್ನು ಕನ್ನಡಕ್ಕೆ ತಂದರೆ "ನಾನು ತಪ್ಪಿತಸ್ಥ" ಅಂತಾಗುತ್ತದೆ. ಕೋರ್ಟಿನ ಮಾತು ಅದು. ಯಾರ ಹೊಟ್ಟೆಯಿಂದಲೂ ಹೊರಡುವುದಿಲ್ಲ. ಸುಮ್ನೆ ಕಾದೆ. ಅವರೇ ಹೇಳಿದರು: "ನನ್ನ ಕೈಯಾರೆ ಆಯ್ತು." ಅದೇ ಬೇಕಿತ್ತು. ಅದರ ಬದಲು ಏನು ಅನಿಸಿದರೆ ಚೆನ್ನ ಅಂದೆ. "ಕೈಲಾದಷ್ಟು ಮಾಡಿದೆ ಅಂತ." ಎಷ್ಟಾಣೆ ನಿಜ? "ಎರಡಾಣೆ."

ಎದುರುಬದುರು ಕೂರುವುದಿಲ್ಲ. ಕುರ್ಚಿಗಳನ್ನು ಸ್ವಲ್ಪ ಓರೆ ಮಾಡಿ, ಅಕ್ಕಪಕ್ಕ ದಾಟಿ ಹೋಗುವವರ ಹಾಗೆ ಕೂರುತ್ತೇವೆ. ಮುಖದಿಂದ ಒಂದಡಿ ಚಿಲ್ಲರೆ ದೂರದಲ್ಲಿ ಬೆರಳು. ಒಂದು ಸುತ್ತು ಅಂದರೆ ಅರ್ಧ ನಿಮಿಷದ ಆಚೀಚೆ. ಆಮೇಲೆ ಉಸಿರು ಎಳೆದು ಬಿಡಿ, ಏನು ಬಂತು ಹೇಳಿ. ಅಷ್ಟೇ. ಬಂದದ್ದಕ್ಕೆ ನಾನು ಅರ್ಥ ಹೇಳುವುದಿಲ್ಲ, ಸಮಾಧಾನವನ್ನೂ ಮಾಡುವುದಿಲ್ಲ. "ಅದರ ಜೊತೆ ಹೋಗಿ" ಅನ್ನುತ್ತೇನೆ. ಬಾಯಿ ಮುಚ್ಚಿಕೊಂಡಿರುವುದು ಈ ಕೆಲಸದಲ್ಲಿ ನನಗೆ ಅತಿ ಕಷ್ಟದ ಪಾಠ. ಒಂದೂವರೆ ಗಂಟೆ ಆದ ಮೇಲೆ ಭುಜ ಹಿಡಿದುಕೊಳ್ಳುವುದು ಬೇರೆ.

ಮೊದಲ ಸುತ್ತಿಗೇ ಅವರು ಬೆವತರು. "ಮೇಡಂ, ನಿಮ್ಮ ಬೆರಳು ವೈಪರ್ ಥರ ಹೋಗ್ತೈತೆ."

ನನ್ನ ತಲೆಗೆ ಹೊಳೆದೇ ಇರಲಿಲ್ಲ! ಅವರ ನೆನಪಿನ ಚಿತ್ರವೇ ಮಳೆ, ಗಾಜು, ಆಡುವ ವೈಪರ್. ನಾನು ಅದನ್ನೇ ಅವರ ಕಣ್ಣೆದುರು ಹಾಕಿದ್ದೆ. ತಕ್ಷಣ ನಿಲ್ಲಿಸಿದೆ. ತೊಟ್ಟಿಯ ನೀರಿಗೆ ವಾಪಸ್ ಹೋದೆವು.

ಕಣ್ಣಿನ ಬದಲು ಬೇರೆ ದಾರಿಯೂ ಇದೆ. ಎರಡು ಕಿವಿಗೆ ಒಂದೊಂದು ಸಲ ಸದ್ದು ಕೊಡಬಹುದು, ಕೈ ಅಥವಾ ಮೊಣಕಾಲಿಗೆ ಒಂದೊಂದು ಸಲ ತಟ್ಟಬಹುದು. ನಮ್ಮೂರಲ್ಲಿ ನಾನು ಹೋಗಿ ಒಬ್ಬ ಗಂಡಸಿನ ಮೊಣಕಾಲು ತಟ್ಟಿದರೆ ಇಬ್ಬರಿಗೂ ಮುಜುಗರ. ಹಾಗಾಗಿ ಚಿಟ್ಟೆ ಅಪ್ಪುಗೆ ಹೇಳಿಕೊಟ್ಟೆ. ಎರಡೂ ಕೈ ಎದೆಯ ಮೇಲೆ ಅಡ್ಡ ಇಟ್ಟು, ತಾವೇ ಎಡ ಬಲ ಅಂತ ತಟ್ಟಿಕೊಳ್ಳುವುದು. 1997ರ ಪಾಲಿನಾ ಚಂಡಮಾರುತದ ನಂತರ ಮೆಕ್ಸಿಕೋದ ಅಕಪುಲ್ಕೋದಲ್ಲಿ ಬದುಕುಳಿದ ಮಕ್ಕಳ ಜೊತೆ ಕೆಲಸ ಮಾಡುವಾಗ ಹುಟ್ಟಿದ ಉಪಾಯ ಇದು. ಹಾಸನದ ಡ್ರೈವರಿಗೂ ಒಗ್ಗಿತು.

ಎರಡು ಭೇಟಿ ಹಾಗೇ ಹೋಯಿತು. ಮೂರನೆಯದರಲ್ಲಿ ಅವರು ಥಟ್ಟನೆ ಕೈ ನಿಲ್ಲಿಸಿದರು. "ನಾನು ಬಲಕ್ಕೆ ಎಳೆದೆ. ಧರೆ ಕಡೆಗೆ. ಎಡಕ್ಕೆ ಕಂದಕ ಇತ್ತು." ಸ್ವಲ್ಪ ಹೊತ್ತು ಬಿಟ್ಟು, "ಹುಡುಗನಿಗೆ ತಲೆ ಬಗ್ಗಿಸೋ ಅಂತ ಕೂಗ್ದೆ."

ಹೀಗೆ ಬಂದ ನೆನಪೆಲ್ಲ ಸತ್ಯ ಅಂತ ನಾನು ಹೇಳುವುದಿಲ್ಲ. ನೆನಪು ಯಾಮಾರಿಸುತ್ತದೆ. ಆದರೆ ಇಲ್ಲಿ ಹೆಂಡತಿ ಹೇಳಿದರು, ಆಸ್ಪತ್ರೆಯಲ್ಲೇ ಆ ಹುಡುಗ ಹತ್ತು ಸಲ ಈ ಮಾತು ಹೇಳಿದ್ದನಂತೆ. ಇವರು ಕೇಳಿಸಿಕೊಂಡಿದ್ದರು, ಆದರೆ ಅದು ಒಳಗೆ ಇಳಿದಿರಲಿಲ್ಲ. ಶಪೀರೋ ವಾದವೂ ಇದೇ. ಆಘಾತದ ನೆನಪು ಬೇರೆ ತಿಳಿವಿನ ಜೊತೆ ಬೆರೆಯದೆ, ಹಸಿಯಾಗಿ ಒಂದು ಕಡೆ ಕೂತಿರುತ್ತದೆ. ಕಣ್ಣು ಯಾಕೆ ಬೇಕು ಅನ್ನುವುದಕ್ಕೆ ಇನ್ನೊಂದು ವಿವರಣೆ ನನಗೆ ಜಾಸ್ತಿ ಹಿಡಿಸುತ್ತದೆ. ಮನಸ್ಸಿನ ಹಲಗೆಯ ಮೇಲೆ ಜಾಗ ಕಮ್ಮಿ. ನೆನಪನ್ನೂ ಹಿಡಿದು ಬೆರಳನ್ನೂ ಹಿಂಬಾಲಿಸಿದರೆ ಎರಡಕ್ಕೂ ಜಾಗ ಸಾಲದೆ ಚಿತ್ರ ಮಸುಕಾಗುತ್ತದೆ. ಕಣ್ಣು ಆಡಿಸುವುದೇ ಬೇಕಿಲ್ಲ, ನೆನಪನ್ನು ಧೈರ್ಯವಾಗಿ ಎದುರಿಸಿದ್ದೇ ಗುಣ ಮಾಡುತ್ತದೆ ಅನ್ನುವ ಸಂಶೋಧಕರೂ ಇದ್ದಾರೆ. ಆ ಜಗಳ ಮುಗಿದಿಲ್ಲ.

ನಾನು ಎಡವಿದ್ದೂ ಇದೆ. ಬಾಲ್ಯದಲ್ಲಿ ವರ್ಷಗಟ್ಟಲೆ ಹಿಂಸೆ ಉಂಡ ಒಬ್ಬ ಹೆಣ್ಣುಮಗಳ ಜೊತೆ ಅವಸರ ಮಾಡಿದೆ. ಎರಡನೇ ಸುತ್ತಿಗೆ ಆಕೆಯ ಕಣ್ಣು ನನ್ನ ಬೆರಳ ಮೇಲಿತ್ತು, ಆದರೆ ಆಕೆ ಅಲ್ಲಿರಲಿಲ್ಲ. ಕರೆದರೆ ಓಗೊಡಲಿಲ್ಲ. ನೆಲಕ್ಕೆ ಕಾಲು ಊರಿಸಿ, ಗೋಡೆ ಮೇಲಿನ ಬಣ್ಣಗಳ ಹೆಸರು ಹೇಳಿಸಿ ವಾಪಸ್ ಕರೆತರಲು ಇಪ್ಪತ್ತು ನಿಮಿಷ ಹಿಡಿಯಿತು. ಆಮೇಲೆ ಎಷ್ಟೋ ತಿಂಗಳು ಬರೀ ತಯಾರಿ, ಮನೋವೈದ್ಯರ ಜೊತೆಗೂಡಿ. ಯೂಟ್ಯೂಬ್ ನೋಡಿ ಮನೆಯಲ್ಲೇ ಮಾಡಿಕೊಳ್ಳಬಹುದಾ ಅಂತ ಕೇಳುವವರಿಗೆ ಈ ಕಥೆ ಹೇಳುತ್ತೇನೆ. ತುರ್ತು ಇದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ಕನ್ನಡದಲ್ಲೇ ಮಾತಾಡಬಹುದು.

ಚಿಟ್ಟೆ ಅಪ್ಪುಗೆ ಶುರುವಾದ ಮೇಲೆ ಐದನೇ ಸಲ ಡ್ರೈವರ್ ಅಣ್ಣ ಬಂದವರೇ ಕುರ್ಚಿ ಎಳೆದುಕೊಂಡು, "ಇವತ್ತು ವೈಪರ್ ಹಾಕಿ ಮೇಡಂ" ಅಂದರು. ಬೆರಳು ಎತ್ತಿದೆ. ಬೆವರಲಿಲ್ಲ. ಎರಡಾಣೆ ನಿಜವಿದ್ದ ಮಾತು ಅವತ್ತು ಹದಿನಾಲ್ಕಾಣೆಗೆ ಏರಿತು. ತಲೆಯಿಂದ ಕಾಲಿನವರೆಗೆ ಮೈ ಗಮನಿಸಿ ನೋಡಿ ಅಂದಾಗ, ಎದೆಯ ಮೇಲೆ ಸ್ಟೇರಿಂಗ್ ಒತ್ತಿದ ಹಾಗೆ ಇದ್ದದ್ದು ಇಲ್ಲ ಅಂದರು.

ಈಗ ಅವರು ಲಾರಿ ಓಡಿಸುವುದಿಲ್ಲ. ಊರಲ್ಲೇ ಒಂದು ಗೂಡ್ಸ್ ಆಟೋ ಇಟ್ಟುಕೊಂಡಿದ್ದಾರೆ. ಕೊನೆಯ ಭೇಟಿಯಲ್ಲಿ ಹೊರಗೆ ಮಳೆ. ಭಯ ಎಷ್ಟಿದೆ ಅಂದೆ. ಒಂದಾಣೆ ಅಂದರು. ಇನ್ನೊಂದು ಸುತ್ತು ಮಾಡಿ ಸೊನ್ನೆಗೆ ಇಳಿಸೋಣವಾ ಅಂತ ಬೆರಳು ಎತ್ತಿದೆ.

"ಬ್ಯಾಡ ಬಿಡಿ ಮೇಡಂ. ಮಳೇಲಿ ಗಾಡಿ ಓಡಿಸೋನಿಗೆ ಅಷ್ಟು ಬೇಕು."

ಕೈ ಇಳಿಸಿದೆ. ಫೈಲಿನಲ್ಲಿ ಒಂದಾಣೆ ಅಂತಲೇ ಬರೆದಿದ್ದೇನೆ.