ಲಾಗಿನ್ ಆಗುತ್ತೆ, ಡೆಸ್ಕ್‌ಟಾಪ್ ಮಾತ್ರ ಖಾಲಿ: ರೋಮಿಂಗ್ ಪ್ರೊಫೈಲ್ ರಿಪೇರಿ ಮಾಡೋದು ಹೇಗೆ

ಬೆಳಿಗ್ಗೆ ಆಫೀಸ್ ಶುರುವಾಗುವ ಹೊತ್ತಿಗೆ ಫೋನ್. "ಸಾರ್, ಡೆಸ್ಕ್‌ಟಾಪಲ್ಲಿ ಇದ್ದದ್ದೆಲ್ಲ ಹೋಗ್ಬಿಟ್ಟಿದೆ." ಮಂಡ್ಯದ ಒಂದು ಕಾಲೇಜಿನ ಲ್ಯಾಬ್ ಮತ್ತು ಆಫೀಸ್ ನೆಟ್‌ವರ್ಕ್ ನೋಡಿಕೊಳ್ಳುವಾಗ ನನಗೆ ಜಾಸ್ತಿ ಬರುತ್ತಿದ್ದ ಫೋನ್ ಇದೇ. ಆಗ ಮೊದಲು ಹೇಳಬೇಕಾದ ಮಾತು: ಏನೂ ಟೈಪ್ ಮಾಡಬೇಡಿ, ಏನೂ ಸೇವ್ ಮಾಡಬೇಡಿ, ಬಂದೆ.

ಯಾಕೆಂದರೆ ಅವರ ಸ್ವಂತ ಪ್ರೊಫೈಲ್ (ಅವರ ಡೆಸ್ಕ್‌ಟಾಪ್, ಫೈಲು, ಸೆಟ್ಟಿಂಗುಗಳ ಗಂಟು) ತೆರೆಯಲಾಗದೆ ವಿಂಡೋಸ್ ಅವರನ್ನು ಟೆಂಪರರಿ ಪ್ರೊಫೈಲಿನಲ್ಲಿ ಕೂರಿಸಿರುತ್ತೆ. ಲಾಗ್ ಆಫ್ ಆದ ಕೂಡಲೇ ಅದು ಅಳಿಸಿಹೋಗುತ್ತೆ. ಒಬ್ಬ ಎಸ್‌ಡಿಎ ಮೇಡಂ ಒಂದಿಡೀ ದಿನ ಕೂತು ಇಂಟರ್ನಲ್ ಮಾರ್ಕ್ಸ್ ಪಟ್ಟಿ ಟೈಪ್ ಮಾಡಿ, ಡೆಸ್ಕ್‌ಟಾಪಲ್ಲೇ ಸೇವ್ ಮಾಡಿ, ಸಂಜೆ ಮೈಸೂರು ಟ್ರೈನಿಗೆ ಹೊತ್ತಾಯ್ತು ಅಂತ ಲಾಗ್ ಆಫ್ ಮಾಡಿ ಹೊರಟರು. ಮಾರನೇ ದಿನ ಪಟ್ಟಿ ಇಲ್ಲ. ಆವತ್ತು ಅವರ ಮುಖ ನೋಡಿದ ಮೇಲೆ ನಾನು ಒಂದು ಕ್ರಮ ಇಟ್ಟುಕೊಂಡೆ. ಮೊದಲು ಫೈಲು, ಆಮೇಲೆ ರಿಪೇರಿ. ಈಗ ಟೆಂಪರರಿಯಲ್ಲಿ ಏನಾದರೂ ಮಾಡಿಟ್ಟಿದ್ದರೆ ಅದನ್ನು ಪೆನ್ ಡ್ರೈವಿಗೆ ಹಾಕಿಕೊಂಡೇ ಲಾಗ್ ಆಫ್ ಮಾಡಿಸಿ.

ರೋಮಿಂಗ್ ಪ್ರೊಫೈಲ್ ಕೆಲಸ ಮಾಡೋದು ಸರಳ. ಲಾಗಿನ್ ಆದಾಗ ಸರ್ವರಿನ ಶೇರ್ ಫೋಲ್ಡರಿನಿಂದ ನಿಮ್ಮ ಪ್ರೊಫೈಲ್ ಈ ಮೆಷಿನ್ನಿಗೆ ಕಾಪಿಯಾಗುತ್ತೆ, ಲಾಗ್ ಆಫ್ ಆದಾಗ ಬದಲಾದದ್ದು ವಾಪಸ್ ಹೋಗುತ್ತೆ. ಈ ಹೋಗಿ ಬರುವ ದಾರಿಯಲ್ಲಿ ಎಲ್ಲಿ ಅಡ್ಡಿಯಾಗಿದೆ ಅಂತ ಹುಡುಕಬೇಕು, ಅಷ್ಟೇ. ಅದಕ್ಕೆ ಎರಡು ನಿಮಿಷದ ಪರೀಕ್ಷೆ ಇದೆ. ಅವರನ್ನು ಪಕ್ಕದ ಮೆಷಿನ್ನಿನಲ್ಲಿ ಲಾಗಿನ್ ಮಾಡಿಸಿ, ಅವರ ಮೆಷಿನ್ನಿನಲ್ಲಿ ಬೇರೆಯವರನ್ನು ಮಾಡಿಸಿ. ತೊಂದರೆ ಮನುಷ್ಯನ ಹಿಂದೆ ಹೋಯಿತೋ, ಮೆಷಿನ್ನಿನಲ್ಲೇ ಉಳಿಯಿತೋ, ಇಲ್ಲಾ ಎಲ್ಲರಿಗೂ ಇದೆಯೋ, ಗೊತ್ತಾಗುತ್ತೆ. ಜೊತೆಗೆ ವಿಂಡೋಸ್ ತನ್ನೊಳಗೆ ಆದದ್ದನ್ನೆಲ್ಲ ಬರೆದಿಡುವ ಇವೆಂಟ್ ವ್ಯೂವರಿನ ಅಪ್ಲಿಕೇಶನ್ ಲಾಗ್ ತೆರೆದು ಯೂಸರ್ ಪ್ರೊಫೈಲ್ ಸರ್ವಿಸ್ ಬರೆದ ಸಾಲುಗಳನ್ನು ನೋಡಿ. ಇವೆಂಟ್ ಐಡಿ 1521 ಅಂದರೆ ಸರ್ವರಿನ ಕಾಪಿ ಸಿಕ್ಕಿಲ್ಲ, 1511 ಅಂದರೆ ಲೋಕಲ್ ಪ್ರೊಫೈಲ್ ಸಿಗದೆ ಟೆಂಪರರಿ ಕೊಟ್ಟಿದೆ.

ಎಲ್ಲರಿಗೂ ತೊಂದರೆ ಇದ್ದರೆ ಸರ್ವರ್ ಆನ್ ಇದೆಯಾ, ಡಿಸ್ಕ್ ತುಂಬಿದೆಯಾ, ಶೇರ್ ತೆರೆಯುತ್ತಾ ನೋಡಿ.

ಒಂದೇ ಮೆಷಿನ್ ಆದರೆ ಮೊದಲು ಬಲಗಡೆ ಕೆಳಮೂಲೆಯ ಗಡಿಯಾರ ನೋಡಿ. ಸುಮ್ನೆ ಹೇಳ್ತಿಲ್ಲ. ಹಳೇ ಮೆಷಿನ್, ಮದರ್‌ಬೋರ್ಡಿನ ಸೆಲ್ ಸತ್ತಿರುತ್ತೆ, ರಾತ್ರಿ ಕರೆಂಟ್ ಹೋಗಿ ಯುಪಿಎಸ್ಸೂ ಕೈಕೊಟ್ಟರೆ ಬೆಳಿಗ್ಗೆ ತಾರೀಖು ಎಷ್ಟೋ ವರ್ಷ ಹಿಂದೆ ಹೋಗಿರುತ್ತೆ. ಡೊಮೈನ್ ಅಂದರೆ ಒಂದೇ ಸರ್ವರಿನ ಹಿಡಿತದಲ್ಲಿರುವ ಮೆಷಿನ್ನುಗಳ ಗುಂಪು, ಅಲ್ಲಿ ಲಾಗಿನ್ ಪರಿಶೀಲಿಸುವ ವ್ಯವಸ್ಥೆ ಕೆರ್ಬರೋಸ್. ಅದು ಮಾಮೂಲಿ ಸೆಟ್ಟಿಂಗಿನಲ್ಲಿ 5 ನಿಮಿಷದ ವ್ಯತ್ಯಾಸದವರೆಗೆ ಮಾತ್ರ ಸಹಿಸುತ್ತೆ. ಸಮಯ ಸರಿಮಾಡಿ, ಅಂಗಡಿಯಿಂದ ಒಂದು ಸಿಆರ್ 2032 ಸೆಲ್ ತಂದು ಹಾಕಿ. ಆಮೇಲೆ ಡಿಎನ್‌ಎಸ್, ಅಂದರೆ ಹೆಸರು ಕೊಟ್ಟರೆ ಐಪಿ ವಿಳಾಸ ಹುಡುಕಿಕೊಡುವ ಸರ್ವರಿನ ಸೆಟ್ಟಿಂಗ್. ಇಂಟರ್ನೆಟ್ ನಿಧಾನ ಅಂತ ಯಾರೋ ಗೂಗಲಿನ 8.8.8.8 ಹಾಕಿ ಹೋಗಿರ್ತಾರೆ. ಆ ನಂಬರಿಗೆ ನಿಮ್ಮ ಒಳಗಿನ ಸರ್ವರಿನ ಹೆಸರು ಗೊತ್ತಿರುತ್ತಾ? ಡೊಮೈನ್ ಕಂಟ್ರೋಲರಿನ (ಡೊಮೈನಿನ ಲಾಗಿನ್ ನೋಡಿಕೊಳ್ಳುವ ಸರ್ವರಿನ) ಐಪಿ ವಿಳಾಸವೇ ಅಲ್ಲಿ ಇರಬೇಕು. ಇಂಥ ಕಡೆ ಪಾಸ್‌ವರ್ಡ್ ಒಪ್ಪಿಕೊಂಡು ಲಾಗಿನ್ ಆಗಿಬಿಡಬಹುದು, ಮೊದಲಿನ ಪಾಸ್‌ವರ್ಡ್ ಗುರುತು ಮೆಷಿನ್ನಿನಲ್ಲೇ ಉಳಿದಿರುತ್ತಲ್ಲ, ಹಾಗಾಗಿ ಲಾಗಿನ್ ಆಯ್ತು ಅಂದ ಮಾತ್ರಕ್ಕೆ ನೆಟ್‌ವರ್ಕ್ ಸರಿ ಇದೆ ಅಂದುಕೊಳ್ಳಬೇಡಿ.

ಲ್ಯಾಬ್ ಮೆಷಿನ್ನುಗಳಲ್ಲಿ ಇನ್ನೊಂದು ಕಾಟ. ರೀಸ್ಟಾರ್ಟ್ ಮಾಡಿದಾಗಲೆಲ್ಲ ಹಳೇ ಸ್ಥಿತಿಗೆ ತರುವ ಸಾಫ್ಟ್‌ವೇರ್ ಹಾಕಿರ್ತೀವಿ. ಡೊಮೈನಿಗೆ ಸೇರಿದ ಮೆಷಿನ್ನಿಗೂ ಒಂದು ಪಾಸ್‌ವರ್ಡ್ ಇರುತ್ತೆ, ಸಾಮಾನ್ಯವಾಗಿ 30 ದಿನಕ್ಕೊಮ್ಮೆ ಅದು ತಾನೇ ಬದಲಾಗುತ್ತೆ. ಮೆಷಿನ್ ಹಳೇದಕ್ಕೆ ಮರಳಿದರೂ ಸರ್ವರಿನಲ್ಲಿ ಹೊಸದೇ ಇರುತ್ತೆ, ಆಗ ಟ್ರಸ್ಟ್ ರಿಲೇಶನ್‌ಶಿಪ್ ಫೇಲ್ ಅಂತ ಬರುತ್ತೆ. ಡೊಮೈನಿನಿಂದ ತೆಗೆದು ಮತ್ತೆ ಸೇರಿಸಿ, ಅದಾದ ಮೇಲೆ ಆ ತಾನಾಗಿ ಬದಲಾಗುವುದನ್ನು ಗ್ರೂಪ್ ಪಾಲಿಸಿಯಲ್ಲಿ (ಡೊಮೈನಿನ ಮೆಷಿನ್ನುಗಳ ನಿಯಮಗಳಲ್ಲಿ) ನಿಲ್ಲಿಸಿ.

ಒಬ್ಬರಿಗೆ ಒಂದೇ ಮೆಷಿನ್ನಿನಲ್ಲಿ ಪದೇ ಪದೇ ಟೆಂಪರರಿ ಬರ್ತಿದ್ದರೆ, ಯಾರೋ ಜಾಗ ಸಾಲದು ಅಂತ ಸಿ ಡ್ರೈವಿನ ಯೂಸರ್ಸ್ ಒಳಗಿನ ಅವರ ಫೋಲ್ಡರನ್ನು ಕೈಯಾರೆ ಡಿಲೀಟ್ ಮಾಡಿರಬಹುದು. ಫೋಲ್ಡರ್ ಹೋದರೂ ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಇಟ್ಟುಕೊಳ್ಳುವ ಜಾಗದಲ್ಲಿ) ನಮೂದು ಉಳಿದಿರುತ್ತೆ. ಅವರನ್ನು ಲಾಗ್ ಆಫ್ ಮಾಡಿಸಿ, ಅಡ್ಮಿನ್ ಆಗಿ ಒಳಗೆ ಹೋಗಿ, ರಿಜಿಸ್ಟ್ರಿಯ ವಿಂಡೋಸ್ ಎನ್‌ಟಿ, ಕರೆಂಟ್ ವರ್ಷನ್ ಕೆಳಗಿನ ಪ್ರೊಫೈಲ್ ಲಿಸ್ಟ್ ತೆರೆಯಿರಿ. ಮೊದಲು ಅದನ್ನು ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಿ, ಇದನ್ನು ಬಿಡಲೇಬೇಡಿ. ಅಲ್ಲಿ ಎಸ್‌-1-5-21 ಅಂತ ಶುರುವಾಗುವ ಉದ್ದದ ನಂಬರುಗಳಿರುತ್ತವೆ, ಒಂದೊಂದೂ ಒಬ್ಬೊಬ್ಬ ಯೂಸರಿನದು. ಒಂದೇ ನಂಬರ್ ಎರಡು ಸಲ ಇದ್ದು, ಒಂದರ ಕೊನೆಗೆ ಡಾಟ್ ಬ್ಯಾಕ್ (.bak) ಅಂತ ಬಾಲ ಇದ್ದರೆ ಕಳ್ಳ ಸಿಕ್ಕಿದ ಹಾಗೆ. ಒಳಗೆ ಪ್ರೊಫೈಲ್ ಇಮೇಜ್ ಪಾತ್ ನೋಡಿ, ಅದು ಅವರದ್ದೇ ಅಂತ ಖಾತ್ರಿ ಮಾಡಿಕೊಳ್ಳಿ. ಬಾಲವಿಲ್ಲದ್ದರ ಹೆಸರು ಬದಲಿಸಿ, ಬಾಲ ಇರುವುದರ ಬಾಲ ತೆಗೆದು, ಅದರ ಸ್ಟೇಟ್ ಮತ್ತು ರೆಫ್ ಕೌಂಟ್ 0 ಮಾಡಿ ರೀಸ್ಟಾರ್ಟ್ ಮಾಡಿ. ಫೋಲ್ಡರೇ ಹೋಗಿದ್ದರೆ ಎರಡೂ ನಮೂದು ಅಳಿಸಿ, ಸರ್ವರಿನಿಂದ ಹೊಸದಾಗಿ ಇಳಿಯುತ್ತೆ. ಮುಂದೆ ಪ್ರೊಫೈಲ್ ಅಳಿಸಬೇಕಾದರೆ ಸಿಸ್ಟಮ್ ಪ್ರಾಪರ್ಟೀಸಿನ ಯೂಸರ್ ಪ್ರೊಫೈಲ್ಸ್‌ನಲ್ಲೇ ಅಳಿಸಿ.

ಎಲ್ಲಿ ಕೂತರೂ ಅದೇ ತೊಂದರೆ ಅಂದರೆ ಸರ್ವರಿನಲ್ಲಿರುವ ಅವರ ಫೋಲ್ಡರ್ ನೋಡಿ. ಅಡ್ಮಿನ್ ಒಳಗೆ ಹೋಗೋಕೆ ಅಂತ ಓನರ್‌ಶಿಪ್ ಕಿತ್ತುಕೊಂಡಿದ್ದರೆ ಪ್ರೊಫೈಲ್ ಇಳಿಯೋದಿಲ್ಲ. ಓನರ್ ಆಗಿ ಅವರನ್ನೇ ಹಾಕಿ, ಫುಲ್ ಕಂಟ್ರೋಲ್ ಕೊಡಿ. ವಿಂಡೋಸ್ 7 ಇಂದ 10ಕ್ಕೆ ಹೋದಾಗಲೂ ಜನ ಗಾಬರಿಯಾಗ್ತಾರೆ. 7ರ ಫೋಲ್ಡರ್ ಹೆಸರಿನ ಕೊನೆಗೆ ವಿ2 ಇರುತ್ತೆ, 10ರ 1607 ಆವೃತ್ತಿಯಿಂದ ಈಚೆಗೆ ವಿ6. ಅವು ಬೇರೆ ಬೇರೆ. ಹೆಸರು ಬದಲಿಸಿ ಸೇರಿಸೋಕೆ ಹೋಗಬೇಡಿ, ಹಳೇದರಿಂದ ಡಾಕ್ಯುಮೆಂಟ್ಸ್ ಮತ್ತು ಡೆಸ್ಕ್‌ಟಾಪ್ ಮಾತ್ರ ಕಾಪಿ ಮಾಡಿಕೊಡಿ.

ಇದೆಲ್ಲ ಕಮ್ಮಿಯಾಗಬೇಕಾದರೆ ಫೋಲ್ಡರ್ ರೀಡೈರೆಕ್ಷನ್ ಹಾಕಿ. ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್ ಎರಡೂ ಸರ್ವರಿನಲ್ಲೇ ಇರ್ತವೆ, ಲಾಗಿನ್ ಆದಾಗ ಅಷ್ಟೂ ಕಾಪಿಯಾಗೋದು ತಪ್ಪುತ್ತೆ. ಕೆಲಸ ಮುಗಿದ ಮೇಲೆ ನೀವೇ ಟೆಸ್ಟ್ ಮಾಡಿ ಹೊರಟುಬಿಡಬೇಡಿ. ಅವರನ್ನೇ ಕೂರಿಸಿ ಒಂದು ಫೈಲ್ ಸೇವ್ ಮಾಡಿಸಿ, ಲಾಗ್ ಆಫ್ ಮಾಡಿಸಿ, ಪಕ್ಕದ ಮೆಷಿನ್ನಿನಲ್ಲಿ ಅವರ ಕೈಯಿಂದಲೇ ಆ ಫೈಲ್ ತೆರೆಸಿ.