ಬ್ರಿಟನ್ನಿನಿಂದ ಫ್ರಾನ್ಸಿಗೆ ಮೊದಲ ಬಾರಿ ಸ್ವಂತ ಕಾರಿನಲ್ಲಿ ಹೊರಡುವವರಿಗೆ

ಇಂಗ್ಲೆಂಡಿನ ಫೋಕ್‌ಸ್ಟನ್‌ನಲ್ಲಿ ಕಾರನ್ನೇ ರೈಲಿಗೇರಿಸಿದರೆ ಸುಮಾರು 35 ನಿಮಿಷಗಳಲ್ಲಿ ಫ್ರಾನ್ಸಿನ ಕ್ಯಾಲೆ ತಲುಪಬಹುದಾದರೂ, ಸಿದ್ಧತೆಗೆ ಒಂದು ವಾರವನ್ನಾದರೂ ಮೀಸಲಿಡಿ. 2021ರ ಸೆಪ್ಟೆಂಬರ್ 28ರಿಂದ ಕಾರು ಯಾವ ದೇಶದ್ದೆಂದು ತೋರಿಸುವ ‘ಜಿಬಿ’ ಗುರುತಿನ ಬದಲು ‘ಯುಕೆ’ ಗುರುತು ಬಂದಿರುವುದರಿಂದ, ನಂಬರ್ ಪ್ಲೇಟಿನಲ್ಲಿ ಅದಿಲ್ಲದಿದ್ದರೆ ಕಾರಿನ ಹಿಂಬದಿಗೆ ಸ್ಟಿಕ್ಕರ್ ಅಂಟಿಸಬೇಕು. ಮೂಲ ನೋಂದಣಿ ಪತ್ರ, ವಿಮೆಯ ದಾಖಲೆ ಜೊತೆಗಿರಲಿ. ಎಡಬದಿಯ ಸಂಚಾರಕ್ಕೆ ಹೊಂದಿಸಿದ ನಮ್ಮ ಹೆಡ್‌ಲೈಟ್ ಅಲ್ಲಿ ಎದುರು ಬರುವವರ ಕಣ್ಣು ಕುಕ್ಕುತ್ತದೆಯಾದ್ದರಿಂದ, ಅದರ ಕಿರಣದ ದಿಕ್ಕನ್ನು ಸರಿಪಡಿಸಿಕೊಳ್ಳುವುದು ಅಗತ್ಯ. ಎಚ್ಚರಿಕೆಯ ತ್ರಿಕೋನ ಮತ್ತು ಪ್ರತಿಫಲಕ ಜಾಕೆಟ್ ಕಡ್ಡಾಯವಾಗಿದ್ದು, ಜಾಕೆಟ್ ಡಿಕ್ಕಿಯಲ್ಲಲ್ಲ, ಕೈಗೆಟಕುವಂತೆ ಕಾರಿನೊಳಗೇ ಇರಬೇಕು. ಹೆದ್ದಾರಿಯ ವೇಗಮಿತಿ ಗಂಟೆಗೆ 130 ಕಿಲೋಮೀಟರ್, ಮಳೆಯಲ್ಲಿ 110. ಟೋಲ್ ಯಂತ್ರಗಳು ಎಡಗಡೆ ಇರುವುದರಿಂದ ಹಣ ಕಟ್ಟುವ ಕೆಲಸ ಪಕ್ಕದ ಸೀಟಿನವರದೇ. ಆ ಜಾಗದಲ್ಲಿ ನಿದ್ದೆಬಡುಕರನ್ನು ಕೂರಿಸಬೇಡಿ. ನನ್ನ ಮಟ್ಟಿಗೆ ಬಲಬದಿಯ ಚಾಲನೆ ಹೆದ್ದಾರಿಯಲ್ಲಿ ಕಷ್ಟವೆನಿಸಲಿಲ್ಲ. ಪೆಟ್ರೋಲ್ ಬಂಕಿನಿಂದ ಖಾಲಿ ರಸ್ತೆಗೆ ಹೊರಬರುವಾಗಲೇ ಹಳೆಯ ಅಭ್ಯಾಸ ಎಡಕ್ಕೆ ಎಳೆಯುತ್ತಿತ್ತು.