ಒಂದು ಪಿಕ್ಸೆಲ್ ಅಂದ್ರೆ ಒಂದು ಗುಂಟೆ: ಬೀಳು ಜಮೀನಿನ ಲೆಕ್ಕ ಹಾಕಿದ ನನ್ನ ಅನುಭವ

ಮುಳಬಾಗಿಲು ಕಡೆಯ ಒಂದು ಪಂಚಾಯಿತಿಯವರು 2022ರ ಮುಂಗಾರಿನಲ್ಲಿ ನನ್ನನ್ನು ಕರೆದು ಕೇಳಿದ್ದು ಒಂದೇ ಪ್ರಶ್ನೆ. ನಮ್ಮಲ್ಲಿ ಬೀಳು ಬಿದ್ದಿರುವ ಜಮೀನು ಎಷ್ಟಿದೆ? ಲೆಕ್ಕ ಸಿಕ್ಕರೆ ಮುಂದಿನ ಕ್ರಿಯಾ ಯೋಜನೆಯಲ್ಲಿ ಅಷ್ಟಕ್ಕೂ ಕೃಷಿ ಹೊಂಡ ಬರೆದುಬಿಡೋಣ ಅಂತ ಅವರ ಯೋಚನೆ. ನಾನು ಓದಿದ್ದು ಕೃಷಿ, ನಕ್ಷೆ ಮಾಡೋದು ಆಮೇಲೆ ಕಲಿತದ್ದು. ಹದಿನೈದು ದಿನದಲ್ಲಿ ಕೊಡುತ್ತೇನೆ ಅಂದೆ. ಎಂಟು ತಿಂಗಳು ಹಿಡಿಯಿತು.

ಮೊದಲು ಎಲ್ಲರೂ ಮಾಡುವ ಹಾಗೆ ಪಹಣಿ ತೆಗೆಸಿದೆ. 12ನೇ ಕಲಂನಲ್ಲಿ ಬೆಳೆ ಇರುತ್ತದಲ್ವಾ, ಅದನ್ನೇ ಕೂಡಿದರೆ ಆಯಿತು ಅಂದುಕೊಂಡಿದ್ದೆ. ನೋಡಿದರೆ ಎಷ್ಟೋ ಸರ್ವೆ ನಂಬರಿನಲ್ಲಿ ವರ್ಷಾನುಗಟ್ಟಲೆ ರಾಗಿ, ರಾಗಿ, ರಾಗಿ. ಅದರಲ್ಲಿ ಒಂದು ಹೊಲಕ್ಕೆ ಹೋಗಿ ನೋಡಿದೆ, ತೊಡೆ ದಪ್ಪದ ನೀಲಗಿರಿ ನಿಂತಿದೆ. ಪಹಣಿ ಪ್ರಕಾರ ಅದೂ ರಾಗಿಯೇ. ಈಗ ಮೊಬೈಲಿನಲ್ಲಿ ಬೆಳೆ ಸಮೀಕ್ಷೆ ಮಾಡುವುದರಿಂದ ಎಷ್ಟೋ ವಾಸಿ. ಆದರೆ ಹಳೆಯ ವರ್ಷಗಳಿಗೆ ಪಹಣಿ ನಂಬಿ ಕೂರುವ ಹಾಗಿಲ್ಲ.

ಹಾಗಾಗಿ ಉಪಗ್ರಹದ ಚಿತ್ರಕ್ಕೆ ಬಂದೆ. ಸೆಂಟಿನೆಲ್-2 ಚಿತ್ರ ಪುಕ್ಕಟೆ ಸಿಗುತ್ತದೆ, ಎರಡು ಉಪಗ್ರಹ ಸೇರಿ ಐದು ದಿನಕ್ಕೊಮ್ಮೆ ನಮ್ಮ ಮೇಲೆ ಹಾದು ಹೋಗುತ್ತವೆ. ನಕ್ಷೆ ಮಾಡುವ ಕ್ಯೂಜಿಐಎಸ್ ತಂತ್ರಾಂಶವೂ ಪುಕ್ಕಟೆ. ಈ ಚಿತ್ರದ ಒಂದು ಪಿಕ್ಸೆಲ್ ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ. ಅಂದರೆ 100 ಚದರ ಮೀಟರ್. ನಮ್ಮ ಗುಂಟೆ 101 ಚದರ ಮೀಟರ್ ಚಿಲ್ಲರೆ. ಇದು ಹೊಳೆದ ದಿನ ನನಗೆ ಬಹಳ ಖುಷಿಯಾಯಿತು, ಯಾಕೆಂದರೆ ಅಲ್ಲಿಯವರೆಗೆ ರೈತರಿಗೆ ಪಿಕ್ಸೆಲ್ ಅಂದರೆ ಏನು ಅಂತ ವಿವರಿಸುವಷ್ಟರಲ್ಲಿ ಟೀ ಆರಿ ಹೋಗುತ್ತಿತ್ತು. ಆಮೇಲೆ ಸುಮ್ನೆ "ಒಂದು ಚುಕ್ಕೆ ಅಂದ್ರೆ ಒಂದು ಗುಂಟೆ, ನಲವತ್ತು ಚುಕ್ಕೆ ಒಂದು ಎಕರೆ" ಅನ್ನುತ್ತಿದ್ದೆ. ಮಾತು ಮುಗಿಯುವ ಮೊದಲೇ ಅವರು ತಮ್ಮ ಹೊಲ ಹುಡುಕಲು ಶುರು ಮಾಡುತ್ತಿದ್ದರು.

ಒಂದು ತಾರೀಖಿನ ಚಿತ್ರ ಇಟ್ಟುಕೊಂಡು ಏನೂ ಹೇಳಲು ಬರುವುದಿಲ್ಲ. ಹಸಿರು ಕಂಡರೆ ಅದು ರಾಗಿಯೋ, ಟೊಮ್ಯಾಟೊವೋ, ಮಾವೋ, ಹಿಪ್ಪುನೇರಳೆಯೋ ಗೊತ್ತಾಗದು. ಅದಕ್ಕೆ ಮೂರು ಕಾಲದ ಚಿತ್ರ ತೆಗೆದುಕೊಂಡೆ. ಒಂದು, ರಾಗಿ ಇನ್ನೂ ಹಸಿರಾಗಿರುವ ಅಕ್ಟೋಬರ್ ಕೊನೆ. ಎರಡನೆಯದು ಜನವರಿ. ಮೂರನೆಯದು ಏಪ್ರಿಲ್, ಬಿಸಿಲಿಗೆ ನೆಲ ಬಿರಿಯುವ ಹೊತ್ತು. ಒಂದೊಂದಕ್ಕೂ ಎನ್‌ಡಿವಿಐ ತೆಗೆದೆ. ಅದು ಹಸಿರಿನ ಅಳತೆ. ಹಸಿರೆಲೆ ಕೆಂಪು ಬೆಳಕನ್ನು ನುಂಗಿ, ಕಣ್ಣಿಗೆ ಕಾಣದ ಅವಕೆಂಪನ್ನು ವಾಪಸ್ ಎಸೆಯುತ್ತದೆ, ಆ ಎರಡರ ವ್ಯತ್ಯಾಸವನ್ನು ಅವೆರಡರ ಮೊತ್ತದಿಂದ ಭಾಗಿಸಿದರೆ ಬರುವ ಸಂಖ್ಯೆ. ನಮ್ಮ ಬರೀ ಕೆಮ್ಮಣ್ಣು ಸುಮಾರು 0.2ರ ಆಸುಪಾಸಿನಲ್ಲೇ ಇರುತ್ತದೆ, ಚೆನ್ನಾಗಿ ಬಂದ ರಾಗಿ 0.6 ದಾಟುತ್ತದೆ.

ಅಕ್ಟೋಬರಿನಲ್ಲಿ ಮಾತ್ರ ಹಸಿರು ಅಂದರೆ ಖುಷ್ಕಿ, ಮಳೆ ನಂಬಿದ ಹೊಲ. ಏಪ್ರಿಲ್‌ನಲ್ಲೂ ಹಸಿರು ಅಂದರೆ ಒಂದೋ ಬೋರ್‌ವೆಲ್, ಇಲ್ಲ ಮರ. ಮೂರೂ ಸಲ ಹೆಚ್ಚೂ ಕಡಿಮೆ ಒಂದೇ ಥರ ಇದ್ದರೆ ಮರ. ಮೂರೂ ಸಲ ಹಸಿರಿಲ್ಲದಿದ್ದರೆ ಬೀಳು. ಕೇಳಲು ಎಷ್ಟು ಸಲೀಸು ಅಲ್ವಾ?

ಮೊದಲ ನಕ್ಷೆ ಹಿಡಿದುಕೊಂಡು ಊರಿನ ನೀರಗಂಟಿ ತಾತನ ಜೊತೆ ಹೊರಟೆ. ಕೆರೆಗೆ ನಾನು ಬೆಳೆಯ ಬಣ್ಣ ಹಚ್ಚಿದ್ದೆ. ತಾತ ಏರಿ ಮೇಲೆ ನಿಂತು ನಕ್ಷೆ ನೋಡಿ, ಕೆರೆ ನೋಡಿ, "ಕೆರೇಲಿ ಏನ್ ನಾಟಿ ಹಾಕಿದ್ದೀಯಪ್ಪಾ?" ಅಂದರು. ನೀರಿನ ಮೇಲೆ ಪೂರ್ತಿ ಅಂತರಗಂಗೆ ಕಳೆ ಹರಡಿತ್ತು. ಕೋಲಾರದವರಿಗೆ ಅಂತರಗಂಗೆ ಅಂದರೆ ಬೆಟ್ಟ, ಬಸವನ ಬಾಯಿಂದ ಬರುವ ನೀರು. ನನಗೆ ಆವತ್ತಿನಿಂದ ಬೇರೆಯದೇ ನೆನಪಾಗುತ್ತದೆ. ಇನ್ನೊಂದು ಕಡೆ ಹೊಸದಾಗಿ ಮಲ್ಚಿಂಗ್ ಶೀಟ್ ಹಾಸಿದ ಟೊಮ್ಯಾಟೊ ತೋಟವನ್ನು ಕಟ್ಟಡ ಅಂತ ಗುರುತಿಸಿತ್ತು, ಬೆಳ್ಳಿ ಬಣ್ಣದ ಪ್ಲಾಸ್ಟಿಕ್ ಹಾಗೆ ಹೊಳೆಯುತ್ತದೆ. ಕೆರೆ ಅಂಗಳದ ಜಾಲಿಯೆಲ್ಲ ಮಾವಿನ ತೋಟ ಆಗಿತ್ತು.

ಸರಿ, ಮತ್ತೆ ಶುರು. ಸರ್ವೆ ನಕ್ಷೆಯನ್ನು ಸ್ಕ್ಯಾನ್ ಮಾಡಿ ಚಿತ್ರದ ಮೇಲೆ ಕೂರಿಸಿದ್ದೆ, ಅದೂ ಜಾರಿತ್ತು. ಪಕ್ಕದ ಹೊಲದ ಬೆಳೆ ಇವರ ಲೆಕ್ಕಕ್ಕೆ ಬಂದಿತ್ತು. ಮೂರು ಊರು ಸೇರುವ ಕಡೆ ಇನ್ನೂ ಉಳಿದಿದ್ದ ಬಾಂದು ಕಲ್ಲುಗಳ ಹತ್ತಿರ ನಿಂತು ಮೊಬೈಲಿನಲ್ಲಿ ಜಿಪಿಎಸ್ ಹಿಡಿದು ಅದನ್ನು ಸರಿ ಮಾಡಿದೆ. ಆಮೇಲೆ 120 ಜಾಗಕ್ಕೆ ಕಾಲಲ್ಲಿ ನಡೆದು ಏನಿದೆ ಅಂತ ಬರೆದುಕೊಂಡೆ. ಯಾವ ಚುಕ್ಕೆ ಏನು ಅಂತ ಗುರುತಿಸುವುದನ್ನು ಕಂಪ್ಯೂಟರಿಗೆ ಕಲಿಸಲು 80ನ್ನು ಕೊಟ್ಟೆ, 40ನ್ನು ಮುಚ್ಚಿಟ್ಟು ಪರೀಕ್ಷೆಗೆ ಇಟ್ಟುಕೊಂಡೆ. ಈ ಮುಚ್ಚಿಡುವುದನ್ನು ಬಿಡಬೇಡಿ. ಕಲಿಸಿದ ಪಾಠದಲ್ಲೇ ಪ್ರಶ್ನೆ ಕೇಳಿದರೆ ಎಲ್ಲರೂ ಪಾಸು.

40ರಲ್ಲಿ 33 ಸರಿ ಬಂತು. ಪರವಾಗಿಲ್ಲ ಅಂದುಕೊಂಡೆ. ರಾತ್ರಿ ಕೂತು ತಪ್ಪಿದ ಏಳನ್ನು ಬಿಡಿಸಿ ನೋಡಿದರೆ ಅದರಲ್ಲಿ ಐದು ಬೀಳಿಗೆ ಸಂಬಂಧಪಟ್ಟದ್ದು. ಪಂಚಾಯಿತಿಯವರು ಕೇಳಿದ್ದೇ ಬೀಳಿನ ಲೆಕ್ಕ! ಒಟ್ಟು ಅಂಕ ಚೆನ್ನಾಗಿದ್ದು ಬೇಕಾದ ವಿಷಯದಲ್ಲೇ ಫೇಲಾದ ಹುಡುಗನ ಕಥೆ. ಬರೀ ಒಟ್ಟು ಶೇಕಡಾ ಹಾಕಿ ವರದಿ ಕೊಟ್ಟುಬಿಡುವವರು ಬೇಕಾದಷ್ಟು ಜನ ಇದ್ದಾರೆ, ನಾನೂ ಕೊಟ್ಟಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ. ಯಾವುದು ಯಾವುದಾಗಿ ತಪ್ಪಿತು ಅಂತ ಚೌಕ ಹಾಕಿ ನೋಡಬೇಕು. ವಿಸ್ತೀರ್ಣ ಹೇಳುವಾಗಲೂ ಚುಕ್ಕೆ ಎಣಿಸಿ ಹೇಳಿದರೆ ಸಾಲದು, ಆ ತಪ್ಪಿನ ಪ್ರಮಾಣ ಹಿಡಿದು ತಿದ್ದಿ ಹೇಳಬೇಕು.

ರಾಗಿಯ ವಿಷಯದಲ್ಲಿ ನನ್ನನ್ನು ತಿದ್ದಿದ್ದು ಒಬ್ಬ ಅಜ್ಜಿ. ಆಕೆಯ ಹೊಲದ ಬದುವಿನಲ್ಲಿ ನಿಂತು "ರಾಗಿ" ಅಂತ ಬರೆದುಕೊಳ್ಳುತ್ತಿದ್ದೆ. "ಏನಪ್ಪಾ ಬರ್ಕೊಂಡೆ?" ಅಂದರು. ರಾಗಿ ಅಜ್ಜಿ ಅಂದೆ. "ಅವರೆ ಎಲ್ಲೋಯ್ತು? ತೊಗರಿ ಎಲ್ಲೋಯ್ತು? ಹುಚ್ಚೆಳ್ಳು ಕಾಣಲ್ವಾ ನಿಂಗೆ?" ಅಕ್ಕಡಿ ಸಾಲು. ಒಂದಷ್ಟು ಸಾಲು ರಾಗಿ, ಮಧ್ಯೆ ಒಂದು ಸಾಲು ಅವರೆಯೋ ತೊಗರಿಯೋ ಜೋಳವೋ. ಒಂದು ಗುಂಟೆಯ ಚುಕ್ಕೆಯಲ್ಲಿ ಅದೆಲ್ಲ ಕಲಸಿ ಒಂದೇ ಹಸಿರು. ಇದು ಕಾಣುವುದಿಲ್ಲ ಅಜ್ಜಿ, ಮೇಲಿಂದ ನೋಡುತ್ತದೆ ಅಂದೆ. "ರಾಗಿ ಕೊಯ್ದ ಮೇಲೆ ನೋಡು, ಆಗ ಕಾಣ್ತದೆ" ಅಂದರು, ಹೇಳಿದ್ದು ಅಷ್ಟೇ. ಕುಡುಗೋಲು ತಗೊಂಡು ಹೊರಟರು.

ಕೊಯ್ಲು ಮುಗಿದ ಮೇಲೆ ಜನವರಿಯ ಚಿತ್ರ ತೆಗೆದೆ. ಅಕ್ಟೋಬರಿನಲ್ಲಿ ದಟ್ಟ ಹಸಿರು ಇದ್ದ ಹೊಲಗಳಲ್ಲಿ ಕೆಲವು ಜನವರಿಗೆ ಬರೀ ಮಣ್ಣಾಗಿದ್ದವು, ಕೆಲವು ಪೂರ್ತಿ ಮಣ್ಣಾಗಿರಲಿಲ್ಲ. ತೆಳುವಾಗಿ ಹಸಿರು ಉಳಿದಿತ್ತು. ಹೋಗಿ ನೋಡಿದರೆ ರಾಗಿ ಕೂಳೆಯ ನಡುವೆ ಅವರೆ, ತೊಗರಿ ನಿಂತಿತ್ತು. ಕಳೆ ಬೆಳೆದ ಹೊಲಗಳೂ ಒಂದೆರಡು ಸೇರಿಕೊಂಡಿದ್ದವು, ಅದು ಬೇರೆ ಮಾತು. ಅಂತೂ ಬರೀ ರಾಗಿ, ಅಕ್ಕಡಿ ರಾಗಿ ಅಂತ ಎರಡು ಪಂಗಡ ಮಾಡಲು ದಾರಿ ಸಿಕ್ಕಿತು. ನಾನು ನೋಡಿದ ಯಾವ ಕೈಪಿಡಿಯಲ್ಲೂ ಇದು ಇರಲಿಲ್ಲ.

ಈಗ ಬೀಳಿಗೆ ಬರೋಣ. ತಪ್ಪು ಅಲ್ಲೇ ಜಾಸ್ತಿ ಯಾಕೆ ಅಂತ ನಕ್ಷೆಯ ಬೀಳು ಹೊಲಗಳಿಗೆ ಒಂದೊಂದಾಗಿ ಹೋದೆ. ಹೋದಷ್ಟೂ ಒಂದು ವಿಷಯ ಸ್ಪಷ್ಟವಾಯಿತು. ಬೀಳು ಅನ್ನುವುದು ನಾನು ಕೊಟ್ಟ ಬಣ್ಣ, ನೆಲದ ಮೇಲೆ ಅದು ಒಂದೇ ಅಲ್ಲ.

ಒಂದು ಹೊಲದಲ್ಲಿ ಮಧ್ಯಕ್ಕೆ ಕೇಸಿಂಗ್ ಪೈಪು, ಬಾಯಿಗೆ ಕಲ್ಲು ಮುಚ್ಚಿತ್ತು. ಮೂರನೇ ಬೋರ್ ಅಂತೆ, ಸಾವಿರದ ಇನ್ನೂರು ಅಡಿ ಹೋದರೂ ಧೂಳು. ಹಿಂದೆ ಹಿಪ್ಪುನೇರಳೆ ಇತ್ತು. ಇಂಥ ಹೊಲಗಳನ್ನು ಹಳೆಯ ಏಪ್ರಿಲ್ ಚಿತ್ರಗಳಲ್ಲಿ ಹಿಡಿಯಬಹುದು: ಒಂದಷ್ಟು ವರ್ಷ ಬೇಸಿಗೆಯಲ್ಲಿ ಹಸಿರು, ಆಮೇಲೆ ಪಟ್ಟಂತ ನಿಂತಿರುತ್ತದೆ. ಇನ್ನೊಂದು ಹೊಲಕ್ಕೆ ಕಲ್ಲು ಕಂಬ, ಮುಳ್ಳುತಂತಿ, ಬೀಗ. ಮಾಲೀಕರು ಬೆಂಗಳೂರಲ್ಲಿ. ಉಳುವವರು ಯಾರೂ ಇಲ್ಲ, ಉಳಲೂ ಬಿಡುವುದಿಲ್ಲ. ಮೂರನೆಯದು ನೀಲಗಿರಿ ಕಡಿದ ಜಾಗ. 1980ರ ದಶಕದಲ್ಲಿ ನಮ್ಮ ಜಿಲ್ಲೆಯ ರಾಗಿ ಹೊಲಗಳಿಗೆ ನೀಲಗಿರಿ ನುಗ್ಗಿತು, 2017ರಲ್ಲಿ ಹೊಸದಾಗಿ ನೆಡಬಾರದು ಅಂತ ಸರ್ಕಾರ ಹೇಳಿತು, ಸರಿ, ಆದರೆ ಕಡಿದ ಮೇಲೆ ಬುಡ ಕೀಳಬೇಕಲ್ಲ? ಜೆಸಿಬಿ ಬಾಡಿಗೆ ಗಂಟೆ ಲೆಕ್ಕ. ಬುಡ ಹಾಗೇ ಬಿಟ್ಟರೆ ಮತ್ತೆ ಚಿಗುರುತ್ತದೆ. ನನ್ನ ನಕ್ಷೆ ಇದನ್ನು ಒಂದು ವರ್ಷ ಬೀಳು, ಇನ್ನೊಂದು ವರ್ಷ ಮರ ಅನ್ನುತ್ತಿತ್ತು. ನಾಲ್ಕನೆಯವರಿಗೆ ನೀರೂ ಇತ್ತು, ಜಮೀನೂ ಸ್ವಂತದ್ದು. "ಕಡ್ಲೆಕಾಯಿ ಹಾಕಿದ್ರೆ ರಾತ್ರಿ ಹಂದಿ, ಬೆಳಿಗ್ಗೆ ನವಿಲು. ನಾವ್ಯಾಕೆ ಅವಕ್ಕೆ ಬೇಸಾಯ ಮಾಡ್ಬೇಕು ಸಾರ್" ಅಂದರು.

ನಾಲ್ಕಕ್ಕೂ ಒಂದೇ ಬಣ್ಣ. ನಾಲ್ಕಕ್ಕೂ ಕೃಷಿ ಹೊಂಡ ತೋಡಿದರೆ ಏನು ಪ್ರಯೋಜನ ಹೇಳಿ. ಬೋರ್ ಬತ್ತಿದವರಿಗೆ ಹೊಂಡ ಉಪಯೋಗಕ್ಕೆ ಬರುತ್ತದೆ. ಬುಡ ಇರುವವರಿಗೆ ಮೊದಲು ಬುಡ ಕೀಳಿಸಬೇಕು, ಬೀಗ ಹಾಕಿದ ಹೊಲದಲ್ಲಿ ಗುದ್ದಲಿ ಹಾಕಲೂ ಆಗದು, ಹಂದಿ ಕಾಟದವರಿಗೆ ಬೇಕಾಗಿರುವುದು ಬೇಲಿ. ಹೀಗಾಗಿ ಒಂದೇ ಅಂಕಿ ಕೊಡುವ ಬದಲು ನಾಲ್ಕು ಬಣ್ಣದ ಪಟ್ಟಿ ಕೊಟ್ಟೆ, ಸರ್ವೆ ನಂಬರ್ ಸಮೇತ. ಬೋರ್, ನೀಲಗಿರಿ ಎರಡನ್ನು ಚಿತ್ರದಿಂದಲೇ ಬಹುಮಟ್ಟಿಗೆ ಹಿಡಿದೆ. ಬೇಲಿ ಹಾಕಿದ್ದು, ಹಂದಿ ಕಾಟದ್ದು ಬಾಯಿಬಿಟ್ಟು ಕೇಳದೆ ಗೊತ್ತಾಗುವುದಿಲ್ಲ, ಅದಕ್ಕೆ ಯಾವ ಉಪಗ್ರಹವೂ ಇಲ್ಲ.

ಇನ್ನೊಂದು ಮಾತು. ಸಭೆಯಲ್ಲಿ ಒಬ್ಬರು 2018ರ ಏಪ್ರಿಲ್ ಚಿತ್ರ, 2022ರ ಏಪ್ರಿಲ್ ಚಿತ್ರ ಅಕ್ಕಪಕ್ಕ ಹಾಕಿ, ನೋಡಿ ಎಷ್ಟು ಹಸಿರಾಗಿದೆ, ಎಲ್ಲಾ ಕೆ.ಸಿ. ವ್ಯಾಲಿ ನೀರಿನಿಂದ ಅಂದರು. ಆ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ನಮ್ಮ ಕೋಲಾರ ಜಿಲ್ಲೆಯ ಲಕ್ಷ್ಮೀಸಾಗರ ಕೆರೆಗೆ ಬಂದದ್ದು 2018ರಲ್ಲಿ, ನಿಜ. ಆ ನೀರಿನಿಂದ ಅಂತರ್ಜಲ ಏರಲಿ ಅಂತಲೇ ಕೆರೆ ತುಂಬಿಸುತ್ತಿರುವುದು. ಆದರೆ 2021ರ ನವೆಂಬರಿನಲ್ಲಿ ಸುರಿದ ಮಳೆ ಯಾರಿಗೆ ಮರೆತಿದೆ? ಕೋಡಿ ಬೀಳದ ಕೆರೆಗಳೂ ಕೋಡಿ ಬಿದ್ದವು. ಒಂದು ಒಣ ವರ್ಷ, ಒಂದು ತುಂಬಿದ ವರ್ಷ ಹಿಡಿದರೆ ಯಾವ ಯೋಜನೆಯನ್ನಾದರೂ ಗೆಲ್ಲಿಸಬಹುದು, ಹಿಂದುಮುಂದಾಗಿ ಹಿಡಿದರೆ ಸೋಲಿಸಲೂಬಹುದು. ಎಲ್ಲಾ ವರ್ಷದ ಏಪ್ರಿಲ್ ಸಾಲಾಗಿ ಇಡಿ, ಪಕ್ಕದಲ್ಲಿ ಮಳೆ ಲೆಕ್ಕ ಇಡಿ, ನೀರು ಬರದ ಕೆರೆಯ ಅಚ್ಚುಕಟ್ಟನ್ನೂ ಇಟ್ಟು ಹೋಲಿಸಿ. ನಾನು ಅಷ್ಟು ಹೇಳಿದ್ದಕ್ಕೆ ಅವರು ಸ್ವಲ್ಪ ಮುನಿಸಿಕೊಂಡರು.

ಪಂಚಾಯಿತಿಯಲ್ಲಿ ಕೊನೆಗೆ ಹೊಂಡದ ಪಟ್ಟಿ ಚಿಕ್ಕದಾಯಿತು. ನೀಲಗಿರಿ ಬುಡ ಕೀಳಲು ಯಾವ ಬಾಬ್ತಿನಲ್ಲಿ ದುಡ್ಡು ಹಾಕುವುದು ಅನ್ನುವುದು ಇನ್ನೂ ಇತ್ಯರ್ಥ ಆಗಿಲ್ಲ, ಅದೊಂದು ಬೇರೆ ಗೋಳು. ನಕ್ಷೆಯನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಕಚೇರಿಯ ಗೋಡೆಗೆ ಅಂಟಿಸಿದ್ದೇವೆ. ಅಜ್ಜಿ ಬಂದು ಮೊಮ್ಮಗನ ಕೈಲಿ ತಮ್ಮ ಹೊಲ ಹುಡುಕಿಸಿದರು, ಚುಕ್ಕೆ ಎಣಿಸಿದರು. ಅವರ ಪಹಣಿಯಲ್ಲಿ ಒಂದು ಎಕರೆ ಎಂಟು ಗುಂಟೆ. ನಕ್ಷೆಯಲ್ಲಿ ಐವತ್ತೊಂದು ಚುಕ್ಕೆ ಬಂತು. "ಜಾಸ್ತಿ ಆಯ್ತಲ್ಲಪ್ಪಾ" ಅಂದರು. ಮೂರು ಚುಕ್ಕೆ ಪಕ್ಕದ ಬಿ ಖರಾಬಿನದು, ಅಂದರೆ ಸಾರ್ವಜನಿಕರಿಗೆ ಬಿಟ್ಟ ಸರ್ಕಾರಿ ನೆಲ, ಹಳ್ಳದ ಜಾಗ. ಇಬ್ಬರೂ ಅದರ ಬಗ್ಗೆ ಮಾತಾಡಲು ಹೋಗಲಿಲ್ಲ.